ಹಳೆಯ ಎಲೆಕ್ಟ್ರಾನಿಕ್ ಆಲ್ಬಮ್‌ಗಳನ್ನು ಮತ್ತೆ ಎಲ್‌ಪಿಯಲ್ಲಿ ಕೊಳ್ಳುವುದು ದಡ್ಡತನವೇ?

ನಿಮ್ಮ ಪ್ರಶ್ನೆ ಇಷ್ಟು: ಹೊಸದಾಗಿ ಟರ್ನ್‌ಟೇಬಲ್ ತಂದಿದ್ದೀರಿ. ಕ್ರಾಫ್ಟ್‌ವರ್ಕ್, ಏಫೆಕ್ಸ್ ಟ್ವಿನ್ ಥರದ ಎಲೆಕ್ಟ್ರಾನಿಕ್ ಸಂಗೀತದವರ ಹಳೆಯ ಆಲ್ಬಮ್‌ಗಳು ಎಲ್‌ಪಿಯಾಗಿ, ಅಂದರೆ ಗ್ರಾಮಫೋನ್ ತಟ್ಟೆಯಾಗಿ, ಮತ್ತೆ ಬರುತ್ತಿವೆ. ಅದೇ ಸಂಗೀತ ಫೋನಿನಲ್ಲೇ ಸಿಗುವಾಗ ಒಂದೊಂದಕ್ಕೆ ಮೂರು-ನಾಲ್ಕು ಸಾವಿರ ಸುರಿಯುವುದು ದಡ್ಡತನವೇ?

ಕೆಲವಕ್ಕೆ ಹೌದು, ದಡ್ಡತನವೇ. ಕೆಲವಕ್ಕೆ ಖಂಡಿತ ಅಲ್ಲ. ಕೊಳ್ಳುವ ಮುಂಚೆ ನಾನು ಮೊದಲು ನೋಡುವುದು ಒಂದೇ ವಿಷಯ. ಒಂದು ಮುಖಕ್ಕೆ ಎಷ್ಟು ನಿಮಿಷ ತುಂಬಿದ್ದಾರೆ ಅಂತ.

'ಎಲ್‌ಪಿಯ ಸದ್ದು ಬೆಚ್ಚಗಿರುತ್ತೆ' ಅನ್ನುವ ಮಾತನ್ನು ಸ್ವಲ್ಪ ಪಕ್ಕಕ್ಕಿಡಿ. ಏಫೆಕ್ಸ್ ಟ್ವಿನ್‌ನ 'ಸೆಲೆಕ್ಟೆಡ್ ಆಂಬಿಯೆಂಟ್ ವರ್ಕ್ಸ್ 85-92' ಹುಟ್ಟಿದ್ದೇ ಮಾಮೂಲಿ ಕ್ಯಾಸೆಟ್ಟಿನಲ್ಲಿ. ಎಷ್ಟು ದುಬಾರಿ ಪ್ರೆಸಿಂಗ್ (ತಟ್ಟೆಯ ಅಚ್ಚು) ತಂದರೂ ಆ ಮಬ್ಬು ಹೋಗುವುದಿಲ್ಲ. ಹೋದರೆ ಅದು ಆ ಆಲ್ಬಮ್ಮೇ ಅಲ್ಲ ಬಿಡಿ.

ನಿಮಿಷದ ಲೆಕ್ಕ ಯಾಕೆ ಅಂದರೆ, ಬೇಸ್, ಅಂದರೆ ಕೆಳಸ್ಥಾಯಿಯ ದಪ್ಪ ಸದ್ದು. ಎಲೆಕ್ಟ್ರಾನಿಕ್ ಸಂಗೀತ ನಿಂತಿರುವುದೇ ಬೇಸ್ ಮೇಲೆ ಅಲ್ವಾ? ಬೇಸ್ ಜಾಸ್ತಿಯಾದಷ್ಟೂ ತಟ್ಟೆಯ ಮೇಲಿನ ಗೆರೆ ಆಚೀಚೆ ದೊಡ್ಡದಾಗಿ ಓಲಾಡುತ್ತದೆ. ಓಲಾಡಲು ಜಾಗ ಬೇಕು. ಒಂದು ಮುಖಕ್ಕೆ 20 ನಿಮಿಷದೊಳಗೆ ಇದ್ದರೆ ಜಾಗ ಧಾರಾಳ. 25 ದಾಟಿತೋ, ಸದ್ದಿನ ಮಟ್ಟ ತಗ್ಗಿಸಬೇಕು, ಇಲ್ಲವೇ ಬೇಸ್ ಕತ್ತರಿಸಬೇಕು. ಮಟ್ಟ ತಗ್ಗಿಸಿದರೆ ನಾವು ವಾಲ್ಯೂಮ್ ಏರಿಸುತ್ತೇವೆ, ಜೊತೆಗೆ ಚಿಟಪಟ ಸದ್ದೂ ಏರುತ್ತದೆ. ಇನ್ನೊಂದು ತೊಂದರೆ ಇದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯುತ್ತದೆ. ನಡುವಿನ ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಅದಕ್ಕೇ ಮುಖದ ಕೊನೆಯ ಟ್ರ್ಯಾಕಿನಲ್ಲಿ ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಸದ್ದು ಮರಳು ಉಜ್ಜಿದ ಹಾಗೆ ಕೇಳುವುದು.

ಒಳ್ಳೆಯ ಮರುಬಿಡುಗಡೆ ಈ ಇಕ್ಕಟ್ಟನ್ನು ಸಡಿಲ ಮಾಡುತ್ತದೆ. ಏಫೆಕ್ಸ್ ಟ್ವಿನ್‌ನದ್ದೇ 'ಸೆಲೆಕ್ಟೆಡ್ ಆಂಬಿಯೆಂಟ್ ವರ್ಕ್ಸ್ ವಾಲ್ಯೂಮ್ 2' ನೋಡಿ. ಎರಡೂವರೆ ಗಂಟೆಗೂ ಹೆಚ್ಚಿನ ಸಂಗೀತವನ್ನು 1994ರಲ್ಲಿ ಮೂರು ತಟ್ಟೆಗೆ ತುಂಬಿದ್ದರು. 2024ರಲ್ಲಿ ವಾರ್ಪ್ ಅನ್ನುವ ಲೇಬಲ್ (ರೆಕಾರ್ಡ್ ಕಂಪನಿ) ಅದನ್ನೇ ನಾಲ್ಕು ತಟ್ಟೆ ಮಾಡಿ, ಇನ್ನೆರಡು ಟ್ರ್ಯಾಕ್ ಸೇರಿಸಿ ತಂದಿತು. ಇಂಥದ್ದಕ್ಕೆ ದುಡ್ಡು ಕೊಡಿ.

ಅತಿಯಾದರೂ ಕಷ್ಟ. ಬ್ರಯಾನ್ ಈನೊನ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' 2018ರಲ್ಲಿ ನಿಮಿಷಕ್ಕೆ 45 ಸುತ್ತಿನ ಎರಡು ತಟ್ಟೆಯಾಗಿ ಬಂತು. ಸದ್ದು ಚೊಕ್ಕ. ಆದರೆ ಇರುವುದು ನಾಲ್ಕೇ ಟ್ರ್ಯಾಕ್, ಮುಖಕ್ಕೊಂದು. ಸುಮ್ನೆ ಹಿನ್ನೆಲೆಯಲ್ಲಿ ಹರಿಯಲಿ ಅಂತ ಮಾಡಿದ ಸಂಗೀತಕ್ಕೆ ಪದೇ ಪದೇ ಎದ್ದು ತಟ್ಟೆ ಮಗುಚುತ್ತಾ ಕೂರಬೇಕು.

ನನ್ನ ಲೆಕ್ಕವನ್ನು ಪೂರ್ತಿ ತಲೆಕೆಳಗು ಮಾಡುವುದು ಜರ್ಮನಿಯ ಮಾನುಎಲ್ ಗೊಟ್ಶಿಂಗ್‌ನ 'ಇ2-ಇ4'. 1981ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಒಂದೇ ಬೈಠಕ್ಕಿನಲ್ಲಿ ನುಡಿಸಿದ್ದು, 1984ರಲ್ಲಿ ಹೊರಬಂದದ್ದು. ಸುಮಾರು ಒಂದು ಗಂಟೆಯ ಒಂದೇ ಕೃತಿ, ಒಂದೇ ತಟ್ಟೆ, ಮುಖಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ನಿಯಮದ ಪ್ರಕಾರ ಸದ್ದು ಸೊರಗಬೇಕು. ಸ್ವಲ್ಪ ಸೊರಗಿದೆ ಕೂಡ. ಆದರೂ ನನ್ನ ಹತ್ತಿರ ಜಾಸ್ತಿ ಸವೆದಿರುವ ತಟ್ಟೆ ಅದೇ. ಅದರಲ್ಲಿ ಬೇಸ್ ಗುದ್ದುವುದಿಲ್ಲ, ಮೆಲ್ಲಗೆ ನಡೆಯುತ್ತದೆ, ಅದಕ್ಕೇ ತಾಳಿಕೊಳ್ಳುತ್ತದೆ ಅನ್ನಿಸುತ್ತದೆ.

ಇನ್ನು ನೀವು ಕೇಳದೇ ಇದ್ದ ಒಂದು ಆಲ್ಬಮ್. ಮುಂಬೈಯ ಸಿನಿಮಾ ವಾದ್ಯಗಾರ ಚರಣಜೀತ್ ಸಿಂಗ್ 1982ರಲ್ಲಿ ಮಾಡಿದ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು: ಜುಪಿಟರ್-8 ಸಿಂಥಸೈಸರ್, ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ. ಹತ್ತು ರಾಗ. 303 ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ಇದೆಯಲ್ಲ, ಅದು ನಮ್ಮ ಕಿವಿಗೆ ಹಿಂದೂಸ್ತಾನಿಯ ಮೀಂಡ್ (ಸ್ವರ ಜಾರಿಸುವುದು) ಥರ ಕೇಳುತ್ತದೆ. ಅದೇ ಯಂತ್ರದ ಅದೇ ಜಾರಾಟದಿಂದ ಶಿಕಾಗೋದಲ್ಲಿ ಆಸಿಡ್ ಹೌಸ್ ಅನ್ನುವ ಪ್ರಕಾರವೇ ಹುಟ್ಟಿತು. ಅದರ ಮೊದಲ ದೊಡ್ಡ ತಟ್ಟೆ, ಫ್ಯೂಚರ್ ತಂಡದ 'ಆಸಿಡ್ ಟ್ರ್ಯಾಕ್ಸ್', ಬಂದದ್ದು 1987ರಲ್ಲಿ. ಸಿಂಗ್ ಐದು ವರ್ಷ ಮುಂಚೆಯೇ ಹತ್ತೂ ರಾಗ ನುಡಿಸಿ ಮುಗಿಸಿದ್ದರು. ಆಗ ಇಲ್ಲಿ ಯಾರೂ ತಿರುಗಿ ನೋಡಲಿಲ್ಲ. 2010ರಲ್ಲಿ ಬಾಂಬೆ ಕನೆಕ್ಷನ್ ಅನ್ನುವ ಡಚ್ ಲೇಬಲ್ ಮತ್ತೆ ತಂದಾಗಲೇ ಜಗತ್ತಿಗೆ ಗೊತ್ತಾದದ್ದು. 2015ರಲ್ಲಿ ಅವರು ತೀರಿಕೊಂಡರು. ಮೂಲ ತಟ್ಟೆ ಈಗ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಹಾಗಾಗಿ ಇದು ಎರಡನೇ ಬಿಡುಗಡೆ ಅಂತ ಹೆಸರಿಗಷ್ಟೇ. ನಮ್ಮಲ್ಲಿ ಹೆಚ್ಚಿನವರಿಗೆ ಇದೇ ಮೊದಲನೆಯದು.

ನಾನು ಇದನ್ನು ಹಾಕಿದ ದಿನ ಅಮ್ಮ ಅಡುಗೆಮನೆಯಿಂದಲೇ 'ಯಾರೋ ಮೋಹನ ನುಡಿಸ್ತಿದಾರೆ, ಆದ್ರೆ ಹಿಂದೆ ಅದೇನು ಟಕಟಕ?' ಅಂದರು. ಚಿಕ್ಕವರಿದ್ದಾಗ ವೀಣೆ ಕಲಿತವರು. ಅದು ಭೂಪಾಲಿ, ನಮ್ಮ ಮೋಹನದ ಹಿಂದೂಸ್ತಾನಿ ಜೋಡಿ. ಮಾಲ್‌ಕೌನ್ಸ್ ಬಂದಾಗ ಅದೇ ರೀತಿ ಹಿಂದೋಳ ಅಂದರು. ಟಕಟಕ ಅವರಿಗೆ ಇವತ್ತಿಗೂ ಒಗ್ಗಿಲ್ಲ.

ಮೋಸಹೋದ ಕಥೆಯೂ ಇದೆ. ಒಂದು ಆನ್‌ಲೈನ್ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಬಣ್ಣದ ಎಲ್‌ಪಿಯೊಂದನ್ನು ತರಿಸಿದೆ. ಹೊದಿಕೆಯ ಮೇಲಿನ ಚಿತ್ರ ಮಸುಕು, ಲೇಬಲ್ ಹೆಸರು ಎಲ್ಲೂ ಇಲ್ಲ. ಸಿಡಿಯಿಂದ ನಕಲು ಮಾಡಿದ ಕಳ್ಳ ಪ್ರತಿ. ಸಾಲದ್ದಕ್ಕೆ ಏಪ್ರಿಲ್ ಬಿಸಿಲಿನಲ್ಲಿ ಪಾರ್ಸೆಲ್ ಗೇಟಿನ ಬಳಿ ಅರ್ಧ ದಿನ ಬಿದ್ದಿತ್ತು, ತಟ್ಟೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಂದಿನಿಂದ ಬೇಸಿಗೆಯಲ್ಲಿ ನಾನು ಏನನ್ನೂ ತರಿಸುವುದಿಲ್ಲ. ಲೇಬಲ್ ಹೆಸರು, ಮಾಸ್ಟರಿಂಗ್ (ಅಚ್ಚಿಗೆ ಮುಂಚೆ ಸದ್ದನ್ನು ಹದಮಾಡುವ ಕೆಲಸ) ಯಾರದ್ದು ಅಂತ ಬರೆದಿಲ್ಲದಿದ್ದರೆ ಮುಟ್ಟುವುದೂ ಇಲ್ಲ. 180 ಗ್ರಾಂ ಅಂತ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ತೂಕ ಹೆಚ್ಚಿದ ಮಾತ್ರಕ್ಕೆ ಸದ್ದು ಒಳ್ಳೆಯದಾಗುವುದಿಲ್ಲ. ಚಿತ್ರ ಅಚ್ಚಾದ ಪಿಕ್ಚರ್ ಡಿಸ್ಕ್ ಗೋಡೆಗೆ ಚೆಂದ.

ಕ್ರಾಫ್ಟ್‌ವರ್ಕ್ ಬಗ್ಗೆ ಕೇಳಿದ್ದಿರಿ. 2009ರ ರೀಮಾಸ್ಟರ್‌ಗಳು ಸದ್ದಿನಲ್ಲಿ ಚೆನ್ನಾಗಿವೆ, ಆದರೆ ಅವರು ಹಳೆಯದನ್ನು ತಿದ್ದುವ ಜನ. 1986ರ 'ಎಲೆಕ್ಟ್ರಿಕ್ ಕೆಫೆ' ಹೆಸರೇ 'ಟೆಕ್ನೋ ಪಾಪ್' ಆಯಿತು. 'ಆಟೋಬಾನ್' ಮೇಲಿದ್ದ ಎಮಿಲ್ ಶುಲ್ಟ್‌ನ ಚಿತ್ರ ಹೋಗಿ ನೀಲಿ ಹೆದ್ದಾರಿ ಫಲಕ ಬಂತು. ನಾನು ಆ ಚಿತ್ರಕ್ಕೋಸ್ಕರವೇ ಹಳೆಯ ಪ್ರತಿ ಹುಡುಕಿ ಕೊಂಡೆ. ಗೀರು ಬಿದ್ದಿದೆ, ಪರವಾಗಿಲ್ಲ.

ಅಂದಹಾಗೆ, ನಿಮ್ಮ ಟರ್ನ್‌ಟೇಬಲ್ ಯಾವುದು ಅಂತ ಬರೆದಿಲ್ಲ. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್ ಆಗಿದ್ದರೆ, 808ರ ಒಂದು ಗುದ್ದಿಗೆ ಮುಳ್ಳು ಎಗರಿ ಮುಂದಿನ ಗೆರೆಗೆ ಹೋಗಿ ಕೂರಬಹುದು. ಮೊದಲು ಅದನ್ನು ಬದಲಿಸಿ, ತಟ್ಟೆ ಆಮೇಲೆ.