ಪ್ರತಿಕ್ರಿಯೆ: ಹುಳು 300 ಮೊಟ್ಟೆಗಳಿಗೇ ನಿಲ್ಲುವುದೇಕೆ?

ಅಂಡಾಣುಗಳು ಇನ್ನೂ ಉಳಿದಿರುವಾಗಲೇ ಸೀನೊರಾಬ್ಡೈಟಿಸ್ ಎಲಿಗನ್ಸ್ ಎಂಬ ಪುಟ್ಟ ದುಂಡುಹುಳು ಸುಮಾರು 300 ಮೊಟ್ಟೆಗಳಿಗೆ ನಿಲ್ಲುವುದೇಕೆಂದು ಕೇಳಿದ್ದೀರಿ. ಈ ದ್ವಿಲಿಂಗಿ ಹುಳು ಮೊದಲು ವೀರ್ಯಾಣುಗಳನ್ನು ತಯಾರಿಸಿಟ್ಟುಕೊಂಡು, ಬಳಿಕ ಅದೇ ಅಂಗದಲ್ಲಿ ಅಂಡಾಣುಗಳ ಉತ್ಪಾದನೆಗೆ ಹೊರಳುತ್ತದೆ. ಆದ್ದರಿಂದ ಗಂಡಿನೊಡನೆ ಕೂಡದಿದ್ದರೆ, ವೀರ್ಯಾಣು ಮುಗಿದಲ್ಲಿಗೆ ಸಂತಾನವೂ ಮುಗಿಯುತ್ತದೆ. ಹೆಚ್ಚು ವೀರ್ಯಾಣು ತಯಾರಿಸುವ ರೂಪಾಂತರಿಯೊಂದನ್ನು (ಜೀನ್ ಬದಲಾದ ಹುಳುವನ್ನು) ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಬಾರ್ನ್ಸ್ 1991ರಲ್ಲಿ ಪರೀಕ್ಷಿಸಿದಾಗ, ಅದು ಹೆಚ್ಚು ಮರಿಗಳನ್ನು ಹಡೆದರೂ, ವೀರ್ಯಾಣು ತಯಾರಿಕೆಗೇ ಹೆಚ್ಚು ಹೊತ್ತು ಹಿಡಿದು ಮೊಟ್ಟೆಯಿಡುವುದೇ ತಡವಾದ ಕಾರಣ ಅದರ ಸಂತತಿಯ ಒಟ್ಟು ಸಂಖ್ಯೆ ಸಾಮಾನ್ಯ ಹುಳುಗಳದಕ್ಕಿಂತ ನಿಧಾನವಾಗಿ ಹೆಚ್ಚಿತು. ನಮ್ಮ ಮಂಗಳೂರಿನ ಹಿತ್ತಲಲ್ಲಿ ಮಳೆಗೆ ಬಿದ್ದು ಕೊಳೆಯುವ ಹಲಸಿನ ಹಣ್ಣನ್ನು ನೆನೆಯಿರಿ (ವಾಸನೆಯನ್ನು ಬಿಟ್ಟು): ಅಂಥ ಕೊಳೆತ ಹಣ್ಣು, ಕಾಂಡಗಳ ಮೇಲಿನ ಬ್ಯಾಕ್ಟೀರಿಯಾ ತಿಂದು, ಪ್ರಯೋಗಾಲಯದಲ್ಲಾದರೆ ಸುಮಾರು 3 ದಿನಗಳಲ್ಲೇ ಪ್ರಾಯಕ್ಕೆ ಬರುವ ಈ ಹುಳುವಿಗೆ, ನನ್ನ ಅಭಿಪ್ರಾಯದಲ್ಲಿ, ಮರಿಗಳ ಸಂಖ್ಯೆಗಿಂತ ಕೆಲವು ಗಂಟೆಗಳ ಮುನ್ನಡೆಯೇ ದೊಡ್ಡದು.