ಬಣ್ಣ ಬೇರೆಯಾದ್ರೆ ದುಂಬಿಯೂ ಬೇರೆಯಾ?

ಪ್ರಶ್ನೆ: ಹೋದ ಬೇಸಿಗೆಯಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋಗಿದ್ದೆ. ಅವಳ ಹಿತ್ತಿಲಲ್ಲಿ ಹಳದಿ ಪಟ್ಟೆಯ ಬಂಬಲ್‌ಬೀ ಫೋಟೋ ತೆಗೆದೆ. ಆಮೇಲೆ ಕಾರ್ಸಿಕಾ ದ್ವೀಪದಲ್ಲಿ ಸಿಕ್ಕಿದ್ದು ಮೈಯೆಲ್ಲ ಕಪ್ಪು, ಹಿಂಭಾಗ ಮಾತ್ರ ಕೆಂಪು. ಮಗಳ ಹತ್ತಿರವಿದ್ದ ಪುಸ್ತಕದಲ್ಲಿ ಎರಡಕ್ಕೂ ಬಾಂಬಸ್ ಟೆರೆಸ್ಟ್ರಿಸ್ ಅಂತಲೇ ಹೆಸರು. ಇದು ಹೇಗೆ? ನಮ್ಮ ಬಾಲ್ಕನಿಯ ಬಿದಿರು ಕೊರೆಯುವ ಕರಿ ದುಂಬಿಯೂ ಇದರ ಉಪಪ್ರಭೇದವಾ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಮೊದಲು ಬಾಲ್ಕನಿ ವಿಷಯ ಮುಗಿಸಿಬಿಡೋಣ. ಅದು ಬಂಬಲ್‌ಬೀ ಅಲ್ಲ, ಬಡಗಿ ದುಂಬಿ. ಹೂವಿನ ಮೇಲೆ ಕೂತಾಗ ಹೊಟ್ಟೆ ನೋಡಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಬಂಬಲ್‌ಬೀಗೆ ಹೊಟ್ಟೆಯ ಮೇಲೂ ದಟ್ಟವಾದ ರೋಮ. ನಮ್ಮ ದೇಶದಲ್ಲಿ ಬಂಬಲ್‌ಬೀ ನೋಡಬೇಕೆಂದರೆ ಹಿಮಾಲಯದ ಕಡೆಗೇ ಹೋಗಬೇಕು.

ಇನ್ನು ಟೆರೆಸ್ಟ್ರಿಸ್. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಈ ದುಂಬಿ ಯುರೋಪು, ಉತ್ತರ ಆಫ್ರಿಕಾ, ಕ್ಯಾನರಿ ದ್ವೀಪಗಳವರೆಗೂ ಹಬ್ಬಿದೆ. ಒಂದೊಂದು ಕಡೆ ಒಂದೊಂದು ಬಣ್ಣ. ಹೀಗೆ ಒಂದೇ ಪ್ರಭೇದದೊಳಗೆ ಜಾಗಕ್ಕೆ ತಕ್ಕಂತೆ ಬೇರೆಯಾಗಿ ಕಾಣುವ ಗುಂಪನ್ನು ಉಪಪ್ರಭೇದ ಎನ್ನುತ್ತಾರೆ. ಬ್ರಿಟನ್ನಿನದ್ದಕ್ಕೆ ಆಡಾಕ್ಸ್ ಎಂದು ಹೆಸರು, ಅದರ ರಾಣಿಯ ಹಿಂತುದಿ ಮಾಸಲು ಕಂದು. ಯುರೋಪಿನ ಮುಖ್ಯ ಭೂಭಾಗದ ರಾಣಿಗೆ ಅದೇ ಜಾಗ ಬಿಳಿ. ಕ್ಯಾನರಿಯದ್ದಕ್ಕೆ ಹಳದಿ ಪಟ್ಟೆಯೇ ಇಲ್ಲ, ಕಪ್ಪು ಮೈ, ಬಿಳಿ ಹಿಂತುದಿ. ನೀವು ಕಾರ್ಸಿಕಾದಲ್ಲಿ ನೋಡಿದ್ದು ಕ್ಸಾಂಥೋಪಸ್.

ದ್ವೀಪದ ವಿಷಯ ಸುಲಭ. ಸುತ್ತ ಸಮುದ್ರ, ಹೊರಗಿನವು ಬಂದು ಬೆರೆಯುವುದು ಕಡಿಮೆ, ಹೀಗಾಗಿ ಬಣ್ಣ ಒಂದೇ ಥರ ನಿಲ್ಲುತ್ತದೆ. ಕಷ್ಟ ಇರುವುದು ಮುಖ್ಯ ಭೂಭಾಗದಲ್ಲಿ. ಅಲ್ಲಿ ಊರಿಂದೂರಿಗೆ ಬಣ್ಣ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ ಹೋದರೆ ಗೆರೆ ಎಲ್ಲಿ ಎಳೆಯುವುದು ಹೇಳಿ? ನಮ್ಮ ತುಡುವೆ ಜೇನನ್ನೇ ನೋಡಿ, ಮಲೆನಾಡಿನದ್ದು ಕಪ್ಪು, ಬಯಲುಸೀಮೆಯದ್ದು ಹಳದಿ, ಆದರೂ ಸಾಕುವವರು ಎರಡನ್ನೂ ತುಡುವೆ ಅಂತಲೇ ಕರೆಯುತ್ತಾರೆ ಅಲ್ವಾ. ಹಕ್ಕಿ ತಜ್ಞರಲ್ಲಿ 75 ಪರ್ಸೆಂಟ್ ನಿಯಮ ಅಂತ ಒಂದಿತ್ತು: ಒಂದು ಕಡೆಯ ನೂರರಲ್ಲಿ 75ನ್ನಾದರೂ ಇನ್ನೊಂದು ಕಡೆಯವುಗಳಿಂದ ಬೇರೆ ಅಂತ ಗುರುತಿಸಲು ಆಗಬೇಕು, ಆಗ ಮಾತ್ರ ಉಪಪ್ರಭೇದ.

ನನಗೆ ಬಣ್ಣದ ಮೇಲೆ ಅಷ್ಟು ನಂಬಿಕೆಯಿಲ್ಲ. ಬಿಸಿಲಲ್ಲಿ ಓಡಾಡಿ ಹಳತಾದ ದುಂಬಿಯ ಹಳದಿ ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ, ಬೆನ್ನಿನ ರೋಮ ಉದುರಿ ಬೋಳಾಗಿರುತ್ತದೆ. ಅದನ್ನು ನೋಡಿ ಹೆಸರಿಟ್ಟರೆ ಎಡವಟ್ಟು ಖಂಡಿತ. ಅದಕ್ಕೇ ಈಗ ಡಿಎನ್ಎ ನೋಡುತ್ತಾರೆ, ಗಂಡು ದುಂಬಿ ಹೆಣ್ಣನ್ನು ಸೆಳೆಯಲು ತಲೆಯ ಗ್ರಂಥಿಯಿಂದ ಬಿಡುವ ವಾಸನೆಯನ್ನೂ ಪರೀಕ್ಷಿಸುತ್ತಾರೆ. ಹೀಗೆ ನೋಡಿದ ಕೆಲವರು ಕ್ಸಾಂಥೋಪಸ್ ಬೇರೆ ಪ್ರಭೇದವೇ ಎನ್ನುತ್ತಾರೆ. ಹಾಗಾಗಿ ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ.

ಇದು ಬರೀ ಹೆಸರಿನ ಜಗಳ ಅಂದುಕೊಳ್ಳಬೇಡಿ. 1980ರ ದಶಕದ ಕೊನೆಯಿಂದ ಟೊಮೆಟೊ ಗ್ರೀನ್‌ಹೌಸ್‌ಗಳಲ್ಲಿ ಪರಾಗಸ್ಪರ್ಶಕ್ಕಾಗಿ ಈ ದುಂಬಿಗಳನ್ನು ಸಾಕಿ ಪೆಟ್ಟಿಗೆಗಟ್ಟಲೆ ದೇಶ ದೇಶಕ್ಕೆ ಕಳಿಸುತ್ತಿದ್ದಾರೆ. ಆಗ್ನೇಯ ಯುರೋಪಿನ ಉಪಪ್ರಭೇದವಾದ ಡಾಲ್ಮಟಿನಸ್ ತಪ್ಪಿಸಿಕೊಂಡು ಊರಿನ ದುಂಬಿಯ ಜೊತೆ ಕೂಡಿದರೆ, ಸಾವಿರಾರು ವರ್ಷ ಬೇರೆಯಾಗಿ ಬೆಳೆದದ್ದು ಕಲಸಿಹೋಗುತ್ತದೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ.

ನಿಮ್ಮ ಫೋಟೋಗಳಿಗೆ ಊರು, ತಾರೀಕು ಬರೆದಿಡಿ. ಮುಂದಿನ ಸಲ ಹಿಂತುದಿ ಮತ್ತು ಕಾಲು ಕಾಣುವ ಹಾಗೆ ತೆಗೆಯಿರಿ, ಕ್ಸಾಂಥೋಪಸ್‌ನ ಕಾಲಿನ ರೋಮವೂ ಕೆಂಪು.