ಫ್ಯಾಟಿ ಲಿವರ್ ಇದ್ದವರಿಗೆ ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಬೇಕೇ? – ಒಂದು ಆಪ್ತಸಲಹೆ ಪ್ರಕರಣ

ರಾತ್ರಿ ಪಾಳಿಯಲ್ಲಿ ದುಡಿಯುವ, ಮೂವತ್ತೈದು ದಾಟಿದ ಈ ವ್ಯಕ್ತಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಸ್ಕ್ಯಾನಿಂಗ್‌ನಲ್ಲಿ ಎರಡನೇ ಗ್ರೇಡಿನ ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಮಧ್ಯಮ ಪ್ರಮಾಣದ ಕೊಬ್ಬು) ಕಂಡಿತ್ತು, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ. 6.2 ಇದ್ದು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದರು. ಜಿಮ್‌ನ ಪರಿಚಿತರೊಬ್ಬರ ಮಾತು ಕೇಳಿ ತಾವಾಗಿಯೇ ಮಾಡಿಸಿದ ರಕ್ತಪರೀಕ್ಷೆಯಲ್ಲಿ, ಬೆಳವಣಿಗೆಯ ಹಾರ್ಮೋನಿನ ಪ್ರಚೋದನೆಯಿಂದ ದೇಹ ತಯಾರಿಸುವ ಐಜಿಎಫ್-1 ಎಂಬ ಅಂಶ ತುಸು ಕಡಿಮೆ ಬಂದಿತ್ತು. ಮೊಬೈಲಿನಲ್ಲಿ ಒಂದು ಸೀಸೆಯ ಚಿತ್ರ ತೋರಿಸಿ, “ಗ್ರೋತ್ ಹಾರ್ಮೋನ್ ತಗೊಂಡ್ರೆ ಲಿವರ್ ಕೊಬ್ಬು ಕರಗುತ್ತಂತೆ, ಶುರು ಮಾಡ್ಲಾ ಮೇಡಂ?” ಎಂದು ಕೇಳಿದರು.

ಆ ಮಾತು ಪೂರ್ತಿ ಸುಳ್ಳಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸ್ರವಿಸುವ ಈ ಹಾರ್ಮೋನ್ ಹೊಟ್ಟೆಯೊಳಗಿನ ಕೊಬ್ಬನ್ನು ಕರಗಿಸುವುದಲ್ಲದೆ, ಯಕೃತ್ತು ಹೊಸದಾಗಿ ಕೊಬ್ಬು ತಯಾರಿಸುವುದಕ್ಕೂ ಕಡಿವಾಣ ಹಾಕುತ್ತದೆ. ಆದ್ದರಿಂದಲೇ ಪಿಟ್ಯುಟರಿ ಗಡ್ಡೆಯ ಶಸ್ತ್ರಚಿಕಿತ್ಸೆಯಿಂದಲೋ, ಹೆರಿಗೆಯ ತೀವ್ರ ರಕ್ತಸ್ರಾವದ ನಂತರ ಬರುವ ಶೀಹಾನ್ ಸಿಂಡ್ರೋಮ್‌ನಿಂದಲೋ ಈ ಹಾರ್ಮೋನಿನ ಕೊರತೆಯಾದವರಲ್ಲಿ ಫ್ಯಾಟಿ ಲಿವರ್ ಹೆಚ್ಚಾಗಿ ಕಾಣುತ್ತದೆ. ಪಿಟ್ಯುಟರಿಯನ್ನು ಪ್ರಚೋದಿಸುವ ಟೆಸಮೊರೆಲಿನ್ ಎಂಬ ಔಷಧವು ಎಚ್‌ಐವಿ ಸೋಂಕಿತರ ಯಕೃತ್ತಿನ ಕೊಬ್ಬನ್ನು ಇಳಿಸಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದೆ.

ಇವರಿಗೆ ಪಿಟ್ಯುಟರಿಯ ತೊಂದರೆಯನ್ನು ಸೂಚಿಸಬಲ್ಲ ತಲೆನೋವು, ದೃಷ್ಟಿದೋಷ, ತಲೆಗೆ ಪೆಟ್ಟು, ವಿಕಿರಣ ಚಿಕಿತ್ಸೆ ಯಾವುದರ ಹಿನ್ನೆಲೆಯೂ ಇರಲಿಲ್ಲ. ಬೊಜ್ಜೇ ಈ ಹಾರ್ಮೋನಿನ ಸ್ರಾವವನ್ನು ತಗ್ಗಿಸುತ್ತದೆ. ಅದು ಹೆಚ್ಚಾಗಿ ಸ್ರವಿಸುವ ಗಾಢನಿದ್ರೆ ಇವರಿಗೆ ಸಿಗುತ್ತಲೇ ಇರಲಿಲ್ಲ. ಐಜಿಎಫ್-1 ಬಹುಪಾಲು ತಯಾರಾಗುವುದೂ ಯಕೃತ್ತಿನಲ್ಲೇ, ಯಕೃತ್ತಿಗೆ ತೊಂದರೆಯಾದರೆ ಅದೂ ತಗ್ಗಬಹುದು. ಹೀಗಾಗಿ ಆ ಒಂದು ಅಂಕಿಯನ್ನು ಕೊರತೆಯ ಪುರಾವೆಯೆಂದು ಹಿಡಿಯುವಂತಿಲ್ಲ, ಸಂದೇಹವಿದ್ದರೆ ಎಂಡೋಕ್ರೈನಾಲಜಿಸ್ಟರು (ಹಾರ್ಮೋನ್ ತಜ್ಞರು) ಔಷಧ ಕೊಟ್ಟು ಹಾರ್ಮೋನ್ ಎಷ್ಟು ಸ್ರವಿಸುತ್ತದೆಂದು ನೋಡುವ ಪ್ರಚೋದನಾ ಪರೀಕ್ಷೆ ಮಾಡಿಸಿ ನಿರ್ಧರಿಸುತ್ತಾರೆ ಎಂದು ತಿಳಿಸಿದೆ.

ಇಂಜೆಕ್ಷನ್ ಬೇಡವೆಂದು ಖಚಿತವಾಗಿ ಹೇಳಿದ್ದಕ್ಕೆ ಮುಖ್ಯ ಕಾರಣ ಅವರ ಸಕ್ಕರೆಯೇ: ಈ ಹಾರ್ಮೋನ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕೈಕಾಲು ಊತ, ಕೀಲುನೋವು ಬೇರೆ. ವೈದ್ಯರ ಚೀಟಿಯಿಲ್ಲದೆ ಮಾರುವ ಸೀಸೆಯಲ್ಲಿ ಏನಿದೆಯೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ತೂಕ ಶೇ. 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ತಗ್ಗುತ್ತದೆ, ಶೇ. 7ರಿಂದ 10ರಷ್ಟು ಇಳಿದರೆ ಉರಿಯೂತವೂ ಶಮನಗೊಳ್ಳಬಹುದು. ಕೊಬ್ಬು ಕರಗಿದಂತೆ ಹಾರ್ಮೋನಿನ ಸ್ರಾವವೂ ಚೇತರಿಸಿಕೊಳ್ಳುತ್ತದೆ. ನಡುರಾತ್ರಿಯ ಪಫ್ಸ್ ಮತ್ತು ಸಕ್ಕರೆ ಚಹಾದ ಬದಲು ಮನೆಯ ಬುತ್ತಿ ಒಯ್ಯುವುದು, ಹಗಲಲ್ಲಿ ಕಿಟಕಿಗೆ ದಪ್ಪ ಪರದೆ ಹಾಕಿ ಒಂದೇ ಹೊತ್ತಿಗೆ ಮಲಗುವುದು, ಯಕೃತ್ತು ಗಟ್ಟಿಯಾಗಿದೆಯೇ ಎಂದು ತಿಳಿಯಲು ಫೈಬ್ರೋಸ್ಕ್ಯಾನ್ ಬಗ್ಗೆ ವೈದ್ಯರನ್ನು ವಿಚಾರಿಸುವುದು – ಇಷ್ಟಕ್ಕೆ ಅವರು ಒಪ್ಪಿದರು. ವಾರಾಂತ್ಯದ ಬಿಯರ್ ಬಿಡಲು ಮಾತ್ರ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಗೆ ಪತ್ನಿಯನ್ನೂ ಕರೆತರಲು ಹೇಳಿದ್ದೇನೆ.